ಒಂದು ಟನ್ ಕಬ್ಬು, ಮೂರು ಅಸಲು



ಇವತ್ತಿನ ವಿಷಯ ವೆಚ್ಚಲೆಕ್ಕದ ಪಠ್ಯಪುಸ್ತಕದಲ್ಲಿ ಒಂದೇ ಅಧ್ಯಾಯ, ಪರೀಕ್ಷೆಯಲ್ಲಿ ಹೆಚ್ಚೆಂದರೆ ಒಂದು ಲೆಕ್ಕ. ಒಂದೇ ಕಚ್ಚಾಮಾಲಿನಿಂದ, ಒಂದೇ ಖರ್ಚಿನಲ್ಲಿ ಹಲವು ಪದಾರ್ಥಗಳು ಒಟ್ಟಿಗೆ ಹುಟ್ಟಿದರೆ ಆ ಖರ್ಚನ್ನು ಯಾವುದಕ್ಕೆ ಎಷ್ಟು ಬರೆಯಬೇಕು? ಇದನ್ನೇ ಜಂಟಿ ವೆಚ್ಚದ ಹಂಚಿಕೆ ಎನ್ನುತ್ತೇವೆ. ತರಗತಿಯಲ್ಲಿ ಇದು ಭಾಗಾಕಾರ. ಬೆಳಗಾವಿ, ಬಾಗಲಕೋಟೆ, ಮಂಡ್ಯ ಜಿಲ್ಲೆಗಳ ಹೊಲದಲ್ಲಿ ಇದು ಮನೆಯ ವರ್ಷದ ಆದಾಯ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಹಗಲು ರಾತ್ರಿ ರಸ್ತೆಯ ಮೇಲೆ ಕೂತಿದ್ದರು. ಅವರ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತಿದ್ದುದು ಸಕ್ಕರೆಯ ದರವೊಂದೇ ಅಲ್ಲ. ಎಥೆನಾಲ್, ವಿದ್ಯುತ್, ಕಾಕಂಬಿ, ಇವೆಲ್ಲ ನಮ್ಮ ಕಬ್ಬಿನಿಂದಲೇ ಬಂದವಲ್ಲವೆ ಎಂಬುದು ಅವರ ಪ್ರಶ್ನೆಯಾಗಿತ್ತು. ವೆಚ್ಚಲೆಕ್ಕದ ಅತ್ಯಂತ ಕಠಿಣವಾದ ಪ್ರಶ್ನೆಯೂ ಅದೇ. ಆದ್ದರಿಂದ ನನ್ನ ಉದಾಹರಣೆಗಳನ್ನು ಬಹುಮಟ್ಟಿಗೆ ಸಕ್ಕರೆ ಕಾರ್ಖಾನೆಯಿಂದಲೇ ಆರಿಸಿಕೊಂಡಿದ್ದೇನೆ.

ಗಾಣಕ್ಕೆ ಒಂದು ಟನ್ ಕಬ್ಬು ಬಿತ್ತೆನ್ನಿ. ಅರೆದಾಗ ರಸ ಒಂದು ಕಡೆ, ಸಿಪ್ಪೆ ಒಂದು ಕಡೆ. ರಸವನ್ನು ಸುಣ್ಣ, ಗಂಧಕದಿಂದ ಶುದ್ಧಿ ಮಾಡಿದಾಗ ಪ್ರೆಸ್‌ಮಡ್ ಎಂಬ ಮಡ್ಡಿ ಉಳಿಯುತ್ತದೆ. ತಿಳಿರಸವನ್ನು ಕುದಿಸಿ, ಹರಳುಗಟ್ಟಿಸಿ, ಯಂತ್ರದಲ್ಲಿ ಗಿರ್ರನೆ ತಿರುಗಿಸಿದಾಗ ಸಕ್ಕರೆಯೂ ಕಾಕಂಬಿಯೂ ಬೇರೆಯಾಗುತ್ತವೆ. ಒಂದು ಟನ್ನಿನಿಂದ ಹೆಚ್ಚುಕಡಿಮೆ 100 ಕಿಲೋ ಸಕ್ಕರೆ, 300 ಕಿಲೋದಷ್ಟು ಹಸಿ ಸಿಪ್ಪೆ, 40ರಿಂದ 50 ಕಿಲೋ ಕಾಕಂಬಿ ಬರುತ್ತದೆ. ಕಬ್ಬಿನ ಬೆಲೆ, ಕಟಾವು, ಸಾಗಣೆ, ಅರೆಯುವ ಖರ್ಚು, ಇವೆಲ್ಲ ಈ ಬೇರ್ಪಡುವ ಹಂತದವರೆಗಿನ ಜಂಟಿ ವೆಚ್ಚ. ಸಕ್ಕರೆಗೆಂದೇ ಬೆಳೆದ ಕಬ್ಬಿಲ್ಲ, ಸಿಪ್ಪೆಗೆಂದೇ ಅರೆದ ಕಬ್ಬೂ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ಅಂಕಿಗಳು ಸುಲಭವಾಗಲೆಂದು ನಾನೇ ಇಟ್ಟುಕೊಂಡವು, ಯಾವ ಕಾರ್ಖಾನೆಯವೂ ಅಲ್ಲ. ಪ್ರೆಸ್‌ಮಡ್ಡನ್ನು ಸದ್ಯಕ್ಕೆ ಬದಿಗಿಡುತ್ತೇನೆ. ಒಂದು ಟನ್ನಿನ ಜಂಟಿ ವೆಚ್ಚ 4,000 ರೂಪಾಯಿ. ಬಂದದ್ದು 100 ಕಿಲೋ ಸಕ್ಕರೆ, ಕಿಲೋಗೆ 38ರಂತೆ 3,800. ಕಾಕಂಬಿ 50 ಕಿಲೋ, ಕಿಲೋಗೆ 12ರಂತೆ 600. ಸಿಪ್ಪೆ 300 ಕಿಲೋ, ಕಿಲೋಗೆ 2ರಂತೆ 600. ಒಟ್ಟು ಆದಾಯ 5,000, ಲಾಭ 1,000.

ತೂಕದ ಮೇಲೆ ಹಂಚಿದರೆ 450 ಕಿಲೋಗೆ 4,000 ರೂಪಾಯಿ, ಅಂದರೆ ಎಲ್ಲದಕ್ಕೂ ಕಿಲೋಗೆ 8 ರೂಪಾಯಿ 89 ಪೈಸೆ. ಸಕ್ಕರೆಯ ಅಸಲು ಅಷ್ಟೇ ಆದರೆ ಸಕ್ಕರೆಯಲ್ಲಿ ಲಾಭವೋ ಲಾಭ. ಸಿಪ್ಪೆಯ ತಲೆಗೆ 2,667 ರೂಪಾಯಿ ಬಿದ್ದು, ಅದು 600ಕ್ಕೆ ಮಾರಾಟವಾಗಿ, ಭಾರಿ ನಷ್ಟ. ಮಾರಾಟ ಮೌಲ್ಯದ ಮೇಲೆ ಹಂಚಿದರೆ ಪ್ರತಿ ರೂಪಾಯಿ ಆದಾಯಕ್ಕೆ 80 ಪೈಸೆ ವೆಚ್ಚ. ಸಕ್ಕರೆಯ ಅಸಲು 30 ರೂಪಾಯಿ 40 ಪೈಸೆ, ಮೂರರಲ್ಲೂ ಲಾಭ ಸಮನಾಗಿ ನೂರಕ್ಕೆ 20. ಮೂರನೆಯ ದಾರಿಯಲ್ಲಿ ಸಕ್ಕರೆ ಮಾತ್ರ ಮುಖ್ಯ ಉತ್ಪನ್ನ, ಉಳಿದವು ಉಪಉತ್ಪನ್ನ. ಅವುಗಳಿಂದ ಬಂದ 1,200ನ್ನು 4,000ದಿಂದ ಕಳೆದರೆ ಸಕ್ಕರೆಯ ಅಸಲು ಕಿಲೋಗೆ 28 ರೂಪಾಯಿ.

ಒಂದೇ ಕಬ್ಬು, ಒಂದೇ ಗಾಣ, ಒಂದೇ ದಿನ. ಸಕ್ಕರೆಯ ಅಸಲು 8.89, 30.40, 28. ಇವುಗಳಲ್ಲಿ ನಿಜವಾದದ್ದು ಯಾವುದು ಎಂದು ವಿದ್ಯಾರ್ಥಿಗಳು ಪ್ರತಿವರ್ಷ ಕೇಳುತ್ತಾರೆ. ಯಾವುದೂ ಅಲ್ಲ ಎಂಬುದೇ ಪ್ರಾಮಾಣಿಕವಾದ ಉತ್ತರ, ಅದನ್ನು ನಾವು ಅಧ್ಯಾಪಕರು ಮೊದಲ ತರಗತಿಯಲ್ಲೇ ಹೇಳಬೇಕು. ಪದಾರ್ಥಗಳು ನಿಯತ ಪ್ರಮಾಣದಲ್ಲಿ ಒಟ್ಟಿಗೇ ಹುಟ್ಟುವಾಗ ಒಂದೊಂದಕ್ಕೂ ಪ್ರತ್ಯೇಕ ಅಸಲು ಎಂಬುದು ಅಳೆದು ಕಂಡುಹಿಡಿಯುವ ವಸ್ತುವೇ ಅಲ್ಲ. ಅದು ನಾವು ಮಾಡುವ ತೀರ್ಮಾನ.

ಇದು ಹೊಸ ಮಾತಲ್ಲ. ಜಾನ್ ಸ್ಟುವರ್ಟ್ ಮಿಲ್ 1848ರಲ್ಲೇ ಕಲ್ಲಿದ್ದಲಿನಿಂದ ಒಟ್ಟಿಗೆ ಬರುವ ಅನಿಲ ಮತ್ತು ಕೋಕ್‌ಗಳ ಉದಾಹರಣೆ ಕೊಟ್ಟು, ಇಂಥಲ್ಲಿ ಉತ್ಪಾದನಾ ವೆಚ್ಚ ಒಟ್ಟು ಬೆಲೆಯನ್ನು ಮಾತ್ರ ನಿರ್ಧರಿಸಬಲ್ಲದು, ಒಂದೊಂದರ ಬೆಲೆಯನ್ನು ಬೇಡಿಕೆಯೇ ನಿರ್ಧರಿಸಬೇಕು ಎಂದು ವಿವರಿಸಿದ್ದರು. ಆಮೇಲೆ ರೈಲು ದರಗಳಿಗೂ ಈ ಜಂಟಿ ವೆಚ್ಚದ ತರ್ಕ ಹೊಂದುತ್ತದೆಯೆ ಎಂಬ ಬಗ್ಗೆ ಅರ್ಥಶಾಸ್ತ್ರಜ್ಞರಾದ ಟೌಸಿಗ್ ಮತ್ತು ಪಿಗು ನಡುವೆ ವಾದ ನಡೆಯಿತು. 1969ರಲ್ಲಿ ಮತ್ತೆ 1974ರಲ್ಲಿ ಆರ್ಥರ್ ಥಾಮಸ್ ಎಂಬ ಅಮೆರಿಕದ ಲೆಕ್ಕಶಾಸ್ತ್ರಜ್ಞರು ಎರಡು ಗ್ರಂಥಗಳಲ್ಲಿ, ಇಂಥ ಹಂಚಿಕೆಗಳನ್ನು ಸರಿಯೆಂದು ಸಾಧಿಸಲೂ ಆಗದು, ತಪ್ಪೆಂದು ತೋರಿಸಲೂ ಆಗದು ಎಂದು ವಾದಿಸಿದರು. ವೃತ್ತಿಯವರಿಗೆ ಅದು ಹಿಡಿಸಲಿಲ್ಲ. ಅವರ ವಾದಕ್ಕೆ ತೃಪ್ತಿಕರವಾದ ಉತ್ತರವನ್ನು ನಾನು ಎಲ್ಲೂ ಓದಿಲ್ಲ.

ಹಾಗಾದರೆ ಹಂಚುವುದನ್ನೇ ಬಿಡಬಹುದೆ? ಬಿಡಲಾಗದು, ಅದಕ್ಕೆ ಗೋದಾಮೇ ಕಾರಣ. ಕಬ್ಬು ಅರೆಯುವ ಹಂಗಾಮು ಅಕ್ಟೋಬರ್, ನವೆಂಬರ್‌ನಲ್ಲಿ ಶುರುವಾಗಿ ಬೇಸಿಗೆಯ ಹೊತ್ತಿಗೆ ಮುಗಿಯುತ್ತದೆ. ಮಾರ್ಚ್ 31ಕ್ಕೆ ಲೆಕ್ಕ ಮುಚ್ಚುವಾಗ ಗೋದಾಮು ಸಕ್ಕರೆಯಿಂದ ತುಂಬಿರುತ್ತದೆ. ಆ ದಾಸ್ತಾನಿಗೆ ಒಂದು ಬೆಲೆ ಬರೆಯಲೇಬೇಕು. ನಮ್ಮ ಉದಾಹರಣೆಯಲ್ಲಿ ಕಾಕಂಬಿ, ಸಿಪ್ಪೆ ಮಾರಾಟವಾಗಿ ಸಕ್ಕರೆ ಪೂರ್ತಿ ಉಳಿದಿದೆ ಎಂದುಕೊಳ್ಳಿ. ಮಾರಾಟ ಮೌಲ್ಯದ ಪದ್ಧತಿಯಲ್ಲಿ ಈ ವರ್ಷದ ಲಾಭ 240 ರೂಪಾಯಿ. ಉಪಉತ್ಪನ್ನದ ಪದ್ಧತಿಯಲ್ಲಿ ಸೊನ್ನೆ. ತೂಕದ ಪದ್ಧತಿಯಲ್ಲಿ 1,911 ರೂಪಾಯಿ ನಷ್ಟ. ಮುಂದಿನ ವರ್ಷ ಸಕ್ಕರೆ ಮಾರಿದಾಗ ಎಲ್ಲವೂ ಸರಿದೂಗಿ ಅದೇ 1,000ಕ್ಕೆ ಬಂದು ನಿಲ್ಲುತ್ತದೆ. ಹೀಗೆ ದಾಸ್ತಾನಿನ ಬೆಲೆಗಾದರೆ ಹಂಚಿಕೆಯಿಂದಾಗುವ ವ್ಯತ್ಯಾಸ ಕಾಲದ್ದು ಮಾತ್ರ. ದಾಸ್ತಾನಿನ ಲೆಕ್ಕಮಾನಕಗಳು ಕೇಳುವುದೂ ಇಷ್ಟೇ: ಆಧಾರ ತರ್ಕಬದ್ಧವಾಗಿರಲಿ, ವರ್ಷದಿಂದ ವರ್ಷಕ್ಕೆ ಬದಲಾಗದಿರಲಿ. ಭಾರತೀಯ ವೆಚ್ಚಲೆಕ್ಕಿಗರ ಸಂಸ್ಥೆ ಜಂಟಿ ವೆಚ್ಚಕ್ಕೆಂದೇ 19ನೆಯ ಮಾನಕವನ್ನು ಹೊರಡಿಸಿದೆ. ಅದೂ ಒಂದೇ ದಾರಿಯನ್ನು ಕಡ್ಡಾಯ ಮಾಡುವುದಿಲ್ಲ. ಇದರಲ್ಲಿ ನನಗೆ ಆಕ್ಷೇಪವಿಲ್ಲ.

ನನ್ನ ಆಕ್ಷೇಪ ಇರುವುದು ಈ ಅಂಕಿ ಗೋದಾಮಿನಿಂದ ಹೊರಬಂದು ಬೇರೆ ಕೆಲಸಕ್ಕೆ ನಿಂತಾಗ. ಆಡಳಿತ ಮಂಡಳಿಯ ಸಭೆಯಲ್ಲಿ ‘ಕಾಕಂಬಿ ವಿಭಾಗ ನಷ್ಟದಲ್ಲಿದೆ’ ಎಂಬ ಮಾತು ಕೇಳಿಬರುತ್ತದೆ. ಯಾವ ನಷ್ಟ? ಹಂಚಿಕೆಯ ಸೂತ್ರ ಹುಟ್ಟಿಸಿದ ನಷ್ಟವೆ, ನಿಜವಾಗಿ ಕೈಬಿಟ್ಟ ಹಣವೆ? 50 ಕಿಲೋ ಕಾಕಂಬಿಯನ್ನು ಹಾಗೇ ಮಾರಿದರೆ 600 ರೂಪಾಯಿ. ಸಕ್ಕರೆಯನ್ನೆಲ್ಲ ತೆಗೆದು ಉಳಿದ ಸಿ ದರ್ಜೆಯ ಕಾಕಂಬಿಯಾದರೆ ಟನ್ನಿಗೆ ಸುಮಾರು 225 ಲೀಟರ್ ಎಥೆನಾಲ್ ಬರುತ್ತದೆ, ಅಂದರೆ 50 ಕಿಲೋಗೆ 11.25 ಲೀಟರ್. 2024-25ರ ಸರಕಾರಿ ದರ ಲೀಟರಿಗೆ 57.97 ರೂಪಾಯಿ, ಒಟ್ಟು 652. ಬಟ್ಟಿ ಇಳಿಸುವ ಹೆಚ್ಚುವರಿ ಖರ್ಚು 52 ರೂಪಾಯಿಗಿಂತ ಕಡಿಮೆಯಾದರೆ ಎಥೆನಾಲ್ ಮಾಡಬೇಕು, ಹೆಚ್ಚಾದರೆ ಕಾಕಂಬಿಯನ್ನೇ ಮಾರಬೇಕು. ಕಾಕಂಬಿಯ ತಲೆಗೆ ಜಂಟಿ ವೆಚ್ಚದ 444 ಬರೆದಿದ್ದೀರೋ 480 ಬರೆದಿದ್ದೀರೋ ಎಂಬುದಕ್ಕೆ ಈ ತೀರ್ಮಾನದಲ್ಲಿ ಜಾಗವೇ ಇಲ್ಲ. ಬೇರ್ಪಟ್ಟ ಮೇಲಿನ ಖರ್ಚು, ಬೇರ್ಪಟ್ಟ ಮೇಲಿನ ಆದಾಯ, ಇವೆರಡೇ ಸಾಕು.

ಉಪಉತ್ಪನ್ನದ ಆದಾಯವನ್ನು ಮುಖ್ಯ ಉತ್ಪನ್ನದಿಂದ ಕಳೆಯುವ ಪದ್ಧತಿಗೆ ಇನ್ನೊಂದು ಅಪಾಯವಿದೆ, ಅದಕ್ಕೆ ನಮ್ಮ ನಾಡಿನದೇ ಉದಾಹರಣೆ ಭದ್ರಾವತಿ. ಅಲ್ಲಿನ ಕಾರ್ಖಾನೆಯ ಮೊದಲ ಹೆಸರಿನಲ್ಲಿ ಕಬ್ಬಿಣಕ್ಕಿಂತ ಮುಂಚೆ ಮರದ ಬಟ್ಟಿ ಇಳಿಸುವಿಕೆಯ ಹೆಸರಿತ್ತು. ಮಲೆನಾಡಿನ ಮರವನ್ನು ಗಾಳಿಯಾಡದಂತೆ ಕಾಯಿಸಿದರೆ ಇದ್ದಿಲು ಉಳಿಯುತ್ತದೆ, ಹೊರಬರುವ ಹೊಗೆಯಿಂದ ಮರಮದ್ಯ ಅಂದರೆ ಮೆಥನಾಲ್, ಸುಣ್ಣದ ಅಸಿಟೇಟು, ಟಾರು ಸಿಗುತ್ತವೆ. ಆ ಇದ್ದಿಲು ಉರಿದು 1923ರಲ್ಲಿ ಊದುಕುಲುಮೆಯಿಂದ ಬೀಡುಕಬ್ಬಿಣ ಬಂತು. ಅದೇ 1923ರಲ್ಲಿ ಜರ್ಮನಿಯ ಲಾಯ್ನಾದಲ್ಲಿ ಬಿಎಎಸ್‌ಎಫ್ ಕಂಪನಿ ಮರವೇ ಬೇಕಿಲ್ಲದ ಕೃತಕ ಮೆಥನಾಲನ್ನು ತಯಾರಿಸತೊಡಗಿತು. ಮುಂದಿನ ವರ್ಷಗಳಲ್ಲಿ ಜಗತ್ತಿನೆಲ್ಲೆಡೆ ಮರಮದ್ಯದ ಬೆಲೆ ಇಳಿಯಿತು. ಉಪಉತ್ಪನ್ನದ ಆದಾಯ ಕಳೆಯುವ ಲೆಕ್ಕದಲ್ಲಿ ಇದರ ಪರಿಣಾಮ ನೋಡಿ. ಭದ್ರಾವತಿಯ ಕುಲುಮೆಯಲ್ಲಿ ಅದಿರು ಅದೇ, ಇದ್ದಿಲು ಅದೇ, ಕೆಲಸಗಾರರ ದುಡಿಮೆ ಅದೇ. ಜರ್ಮನಿಯ ಪ್ರಯೋಗಾಲಯದಿಂದಾಗಿ ಇಲ್ಲಿನ ಕಬ್ಬಿಣದ ‘ಅಸಲು’ ಏರುತ್ತದೆ. ಆ ಅಂಕಿಯನ್ನು ಹಿಡಿದು ಕುಲುಮೆಯವರ ದಕ್ಷತೆಯನ್ನು ಅಳೆಯಹೊರಟರೆ ಅದು ಅನ್ಯಾಯ.

ಜಂಟಿ ವೆಚ್ಚ ಹಲವು ರೂಪಗಳಲ್ಲಿ ನಮ್ಮ ನಡುವೆ ಇದೆ. ಹಾಲಿನಿಂದ ಕೊಬ್ಬು ಮತ್ತು ಕೊಬ್ಬೇತರ ಘನಾಂಶ ಎರಡೂ ಬರುತ್ತವೆ. ಎರಡಕ್ಕೂ ಯಾವ ಅನುಪಾತದಲ್ಲಿ ಬೆಲೆ ಕಟ್ಟುತ್ತೀರಿ ಎಂಬುದರ ಮೇಲೆ ಎಮ್ಮೆ ಸಾಕಿದವರಿಗೆ ಲಾಭವೋ ಹಸು ಸಾಕಿದವರಿಗೆ ಲಾಭವೋ ತೀರ್ಮಾನವಾಗುತ್ತದೆ. ಅಣೆಕಟ್ಟಿನಿಂದ ನೀರಾವರಿ, ವಿದ್ಯುತ್, ಪ್ರವಾಹ ತಡೆ ಒಟ್ಟಿಗೆ ಸಿಗುತ್ತವೆ. ಅಮೆರಿಕದ ಟೆನೆಸಿ ಕಣಿವೆಯ ಅಣೆಕಟ್ಟುಗಳ ವೆಚ್ಚವನ್ನು ನೌಕಾಸಂಚಾರ, ಪ್ರವಾಹ ನಿಯಂತ್ರಣ, ವಿದ್ಯುತ್ತುಗಳ ನಡುವೆ ಹಂಚಬೇಕೆಂದು 1933ರ ಕಾಯಿದೆಯೇ ಹೇಳಿತು. ಖಾಸಗಿ ವಿದ್ಯುತ್ ಕಂಪನಿಗಳು ಆ ಹಂಚಿಕೆಯ ಮೇಲೆ ಕಣ್ಣಿಟ್ಟಿದ್ದವು, ಏಕೆಂದರೆ ವಿದ್ಯುತ್ತಿನ ತಲೆಗೆ ಕಡಿಮೆ ಬರೆದಷ್ಟೂ ಸರಕಾರಿ ವಿದ್ಯುತ್ ಅಗ್ಗವಾಗಿ ಕಾಣುತ್ತಿತ್ತು. ನಮ್ಮ ಕನ್ನಂಬಾಡಿ ಕಟ್ಟೆಯೂ ಶಿವನಸಮುದ್ರದ ವಿದ್ಯುತ್ತಿಗೆ ಮತ್ತು ಮಂಡ್ಯದ ಹೊಲಗಳಿಗೆ ಒಟ್ಟಿಗೆ ನೀರು ಕೊಟ್ಟಿತು. ಆ ನಾಲೆಯ ನೀರಿನಲ್ಲಿ ಬೆಳೆದ ಕಬ್ಬಿಗಾಗಿಯೇ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಒಂದು ಜಂಟಿ ವೆಚ್ಚದ ಕೆಳಗೆ ಇನ್ನೊಂದು ಜಂಟಿ ವೆಚ್ಚ.

ಈಗ ಕಬ್ಬಿನ ಬೆಲೆಗೆ ಬರುತ್ತೇನೆ, ನಾನು ಮುಖ್ಯವಾಗಿ ಹೇಳಬೇಕಾದದ್ದು ಇಲ್ಲಿದೆ. ಕಾರ್ಖಾನೆಗೆ ಕಬ್ಬಿನ ಬೆಲೆ ಜಂಟಿ ವೆಚ್ಚ, ರೈತನಿಗೆ ಅದೇ ಆದಾಯ. ಆದ್ದರಿಂದ ಇಲ್ಲಿ ಹಂಚಿಕೆಯ ಸೂತ್ರ ಕಾಲದ ವ್ಯತ್ಯಾಸ ಮಾತ್ರವಾಗಿ ಉಳಿಯುವುದಿಲ್ಲ. ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ ಹಣ ಹೋಗುತ್ತದೆ, ಮುಂದಿನ ವರ್ಷ ಅದು ಸರಿದೂಗುವುದಿಲ್ಲ.

1974ರಿಂದ 2009ರವರೆಗೆ ಕಬ್ಬು ನಿಯಂತ್ರಣ ಆದೇಶದಲ್ಲಿ 5ಎ ಎಂಬ ಕಲಮು ಇತ್ತು. ಭಾರ್ಗವ ಆಯೋಗದ ಶಿಫಾರಸಿನಂತೆ ಕಾರ್ಖಾನೆಯ ಹೆಚ್ಚುವರಿ ಗಳಿಕೆಯನ್ನು ರೈತರೊಂದಿಗೆ ಅರ್ಧರ್ಧ ಹಂಚಿಕೊಳ್ಳುವ ಏರ್ಪಾಡು ಅದು. 2009ರಲ್ಲಿ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆ, ನಾವೆಲ್ಲ ಎಫ್‌ಆರ್‌ಪಿ ಎನ್ನುವುದು, ಬಂದಾಗ ಆ ಕಲಮು ಹೋಯಿತು. 2012ರಲ್ಲಿ ಸಿ. ರಂಗರಾಜನ್ ಸಮಿತಿ ಬೇರೊಂದು ದಾರಿ ತೋರಿಸಿತು. ಸಕ್ಕರೆ, ಕಾಕಂಬಿ, ಸಿಪ್ಪೆ, ಪ್ರೆಸ್‌ಮಡ್‌ಗಳ ಒಟ್ಟು ಮೌಲ್ಯದಲ್ಲಿ ನೂರಕ್ಕೆ 70 ರೈತನಿಗೆ, 30 ಕಾರ್ಖಾನೆಗೆ. ಲೆಕ್ಕಶಾಸ್ತ್ರದ ದೃಷ್ಟಿಯಿಂದ ಇದು ಬಹಳ ಬುದ್ಧಿವಂತಿಕೆಯ ಹೆಜ್ಜೆ. ಸಕ್ಕರೆಯ ಅಸಲೆಷ್ಟು ಎಂಬ ಉತ್ತರವಿಲ್ಲದ ಪ್ರಶ್ನೆಯನ್ನು ಅದು ಕೇಳುವುದೇ ಇಲ್ಲ. ಒಂದು ಟನ್ ಕಬ್ಬು ಒಟ್ಟು ಎಷ್ಟು ಗಳಿಸಿತು ಎಂದು ಕೇಳುತ್ತದೆ. ಇದಕ್ಕೆ ಉತ್ತರವಿದೆ, ಬಿಲ್ಲು ಪುಸ್ತಕದಲ್ಲಿದೆ. ಕರ್ನಾಟಕದ 2013ರ ಕಬ್ಬು ಖರೀದಿ ಮತ್ತು ಸರಬರಾಜು ನಿಯಂತ್ರಣ ಕಾಯಿದೆಯ ಬೆನ್ನಿಗಿದ್ದದ್ದೂ ಇದೇ ಆದಾಯ ಹಂಚಿಕೆಯ ಚಿಂತನೆ.

ಆದರೆ ಸಮಿತಿ ಒಂದು ಪರ್ಯಾಯವನ್ನೂ ಕೊಟ್ಟಿತು. ಉಪಉತ್ಪನ್ನಗಳ ಲೆಕ್ಕ ತೆಗೆಯುವುದು ಕಷ್ಟವಾದಲ್ಲಿ ಕಾರ್ಖಾನೆಯ ಬಾಗಿಲಿನ ಸಕ್ಕರೆ ಬೆಲೆಯೊಂದರಲ್ಲೇ ನೂರಕ್ಕೆ 75 ಕೊಡಬಹುದು. ಕೇಳಲು ಸರಳ. ಅದರೊಳಗೆ ಏನಿದೆ ಎಂದು ಕಾಗದದ ಮೇಲೆ ಬಿಡಿಸಿ ನೋಡೋಣ. ಎರಡೂ ಸೂತ್ರಗಳು ಒಂದೇ ಮೊತ್ತ ಕೊಡಬೇಕಾದರೆ ಉಪಉತ್ಪನ್ನಗಳ ಮೌಲ್ಯ ಸಕ್ಕರೆಯ ಮೌಲ್ಯದ ನೂರಕ್ಕೆ 7ರಷ್ಟಿರಬೇಕು, ಖಚಿತವಾಗಿ ಹೇಳಿದರೆ 7.14. ಸಕ್ಕರೆ 3,800 ಆದಾಗ ಉಪಉತ್ಪನ್ನ 271 ರೂಪಾಯಿ. ನನ್ನ ಉದಾಹರಣೆಯಲ್ಲಿ ಅವು 1,200. ಅಲ್ಲಿ 70ರ ಸೂತ್ರ ರೈತನಿಗೆ 3,500 ಕೊಡುತ್ತದೆ, 75ರ ಸೂತ್ರ 2,850 ಕೊಡುತ್ತದೆ. ಟನ್ನಿಗೆ 650 ರೂಪಾಯಿಯ ಅಂತರ!

ನನ್ನ 1,200 ಉದಾರವಾದ ಅಂಕಿ ಎಂದು ಕಾರ್ಖಾನೆಯವರು ಆಕ್ಷೇಪಿಸಬಹುದು. ಆ ಮಾತಿನಲ್ಲಿ ಹುರುಳಿದೆ. ಸಿಪ್ಪೆಯ ದೊಡ್ಡ ಪಾಲು ಕಾರ್ಖಾನೆಯ ಬಾಯ್ಲರಿನಲ್ಲೇ ಉರಿದು, ರಸ ಕುದಿಸುವ ಹಬೆಯಾಗುತ್ತದೆ. ಮಾರಾಟಕ್ಕೆ ಸಿಗುವುದು ಉಳಿದದ್ದು ಮಾತ್ರ. ಸಿಪ್ಪೆಯನ್ನು ಪೂರ್ತಿ ಬಿಟ್ಟು, ಕಾಕಂಬಿಗೆ ಕಿಲೋಗೆ 5 ರೂಪಾಯಿ 40 ಪೈಸೆ ಹಿಡಿದರೆ ಆ 271ರ ಹತ್ತಿರ ಬರುತ್ತೇವೆ. ಅಂದರೆ 75ರ ಸೂತ್ರ ಒಂದು ಬಗೆಯ ಕಾರ್ಖಾನೆಗೆ ಹೊಂದುತ್ತದೆ: ಸಿಪ್ಪೆಯನ್ನು ಉರುವಲಾಗಿ ಮುಗಿಸುವ, ಕಾಕಂಬಿಯನ್ನು ಅಗ್ಗಕ್ಕೆ ಮಾರುವ ಕಾರ್ಖಾನೆ. ಅದೇ ಸಿಪ್ಪೆಯಿಂದ ಹಬೆಯ ಜೊತೆಗೆ ವಿದ್ಯುತ್ತನ್ನೂ ತೆಗೆದು ಗ್ರಿಡ್‌ಗೆ ಮಾರುವ, ಕಾಕಂಬಿಯನ್ನು ತನ್ನದೇ ಡಿಸ್ಟಿಲರಿಗೆ ಹರಿಸುವ ಇಂದಿನ ಕಾರ್ಖಾನೆಗೆ ಅದು ಹೊಂದುವುದಿಲ್ಲ. ಅಂಥ ಕಡೆ ಕಾಕಂಬಿ ಒಂದು ವಿಭಾಗದಿಂದ ಇನ್ನೊಂದು ವಿಭಾಗಕ್ಕೆ ಯಾವ ಬೆಲೆಗೆ ಹೋಯಿತು ಎಂಬುದನ್ನು ಮಾರುಕಟ್ಟೆ ಹೇಳುವುದಿಲ್ಲ, ಕಾರ್ಖಾನೆಯೇ ಬರೆದುಕೊಳ್ಳುತ್ತದೆ. ಆ ಒಂದು ಸಾಲಿನಲ್ಲಿ ರೈತನ ಪಾಲು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ.

ಎಥೆನಾಲ್ ಇನ್ನೂ ಒಂದು ತೊಡಕನ್ನು ತಂದಿದೆ. ನಾನು ಇಲ್ಲಿಯವರೆಗೆ ಹೇಳಿದ್ದು ಪ್ರಮಾಣ ನಿಯತವಾಗಿದ್ದಾಗಿನ ಮಾತು. ಈಗ ಪ್ರಮಾಣವನ್ನೇ ಬದಲಾಯಿಸಬಹುದು. ಹರಳು ತೆಗೆಯುವುದನ್ನು ಒಂದು ಹಂತ ಮೊದಲೇ ನಿಲ್ಲಿಸಿದರೆ ಸಕ್ಕರೆಯಂಶ ಹೆಚ್ಚಿರುವ ಬಿ ದರ್ಜೆಯ ಕಾಕಂಬಿ ಸಿಗುತ್ತದೆ, ಅದರಿಂದ ಟನ್ನಿಗೆ ಸುಮಾರು 300 ಲೀಟರ್ ಎಥೆನಾಲ್ ಬರುತ್ತದೆ. ಇದಕ್ಕಾಗಿ ಟನ್ ಕಬ್ಬಿಗೆ ಸುಮಾರು 15 ಕಿಲೋ ಸಕ್ಕರೆಯನ್ನು ಬಿಟ್ಟುಕೊಡಬೇಕು. ರಸವನ್ನೇ ನೇರವಾಗಿ ಹರಿಸಿದರೆ ಟನ್ ಕಬ್ಬಿಗೆ ಸುಮಾರು 70 ಲೀಟರ್, ಆ ಪಾಲಿನಲ್ಲಿ ಸಕ್ಕರೆಯೇ ಇಲ್ಲ. ಹೀಗೆ ಆಯ್ಕೆ ಸಾಧ್ಯವಾದ ಕೂಡಲೇ ಅಸಲಿಗೆ ಅರ್ಥ ಬರುತ್ತದೆ: ಹೆಚ್ಚುವರಿ ಎಥೆನಾಲಿನ ಅಸಲು ಎಂದರೆ ಕೈಬಿಟ್ಟ ಸಕ್ಕರೆಯ ಬೆಲೆ ಮತ್ತು ಬಟ್ಟಿ ಇಳಿಸುವ ಖರ್ಚು. ಇದನ್ನು ಅಳೆಯಬಹುದು, ಪರಿಶೀಲಿಸಬಹುದು. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರ ಸಕ್ಕರೆ ಕೊರತೆಯ ಭಯದಿಂದ ರಸದಿಂದ ಎಥೆನಾಲ್ ಮಾಡುವುದನ್ನು ತಡೆದು, 2024ರ ಆಗಸ್ಟ್‌ನಲ್ಲಿ ಮತ್ತೆ ಬಿಟ್ಟಿತು. ಆ ಹಂಗಾಮಿನಲ್ಲಿ ಕಾರ್ಖಾನೆಗಳು ಯಾವ ಪದಾರ್ಥ ಎಷ್ಟು ಎಂಬ ಪ್ರಮಾಣವನ್ನೇ ಹೊಸದಾಗಿ ಲೆಕ್ಕ ಹಾಕಬೇಕಾಯಿತು.

ರೈತನ ಬಿಲ್ಲಿಗೆ ಇದು ಹೇಗೆ ತಗಲುತ್ತದೆ ನೋಡಿ. ಎಫ್‌ಆರ್‌ಪಿ ಸಕ್ಕರೆ ಇಳುವರಿಯ ಮೇಲೆ ನಿಂತಿದೆ. 2025-26ಕ್ಕೆ ನೂರಕ್ಕೆ 10.25 ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಪ್ರತಿ 0.1 ಇಳುವರಿ ಕುಸಿತಕ್ಕೆ 3.46 ಕಡಿತ. 9.5ಕ್ಕಿಂತ ಕೆಳಗಿಳಿದರೂ 329.05ಕ್ಕಿಂತ ಕಡಿಮೆಯಾಗುವಂತಿಲ್ಲ. ಬಿ ದರ್ಜೆಗೆ ಹೋಗಿ 15 ಕಿಲೋ ಸಕ್ಕರೆ ಬಿಟ್ಟ ಕಾರ್ಖಾನೆಯ ಇಳುವರಿ ಕಾಗದದ ಮೇಲೆ 10.25ರಿಂದ 8.75ಕ್ಕೆ ಬೀಳುತ್ತದೆ. ಎಥೆನಾಲಿಗೆ ಹೋದ ಸಕ್ಕರೆಯನ್ನು ಇಳುವರಿಗೆ ಮರಳಿ ಸೇರಿಸದಿದ್ದರೆ ರೈತನಿಗೆ ಟನ್ನಿಗೆ 259 ರೂಪಾಯಿ 50 ಪೈಸೆ ಕಡಿಮೆಯಾಗುತ್ತದೆ. ಅವನ ಕಬ್ಬಿನಲ್ಲಿ ಸಿಹಿ ಕಡಿಮೆಯಾಗಿರಲಿಲ್ಲ. ಮರಳಿ ಸೇರಿಸಲೇಬೇಕು. ಎಷ್ಟು ಸೇರಿಸಬೇಕೆಂಬುದನ್ನು ಕಾರ್ಖಾನೆಯ ಪ್ರಯೋಗಾಲಯದ ಅಂಕಿಗಳು ಹೇಳುತ್ತವೆ, ಆ ಅಂಕಿಗಳು ರೈತನ ಕಣ್ಣಿಗೆ ಬೀಳುವುದಿಲ್ಲ. ವೇಬ್ರಿಡ್ಜಿನ ತೂಕದಲ್ಲಿ ಮೋಸವಾಗದಿರಲೆಂದು ನಾವು ಇಷ್ಟು ವರ್ಷ ಹೋರಾಡಿದ್ದೇವೆ. ಇಳುವರಿಯ ಕಾಗದ ಅದಕ್ಕಿಂತ ದೊಡ್ಡ ತಕ್ಕಡಿ.

ಈ ವಿಷಯದಲ್ಲಿ ನಮ್ಮ ವೃತ್ತಿ ಏನು ಮಾಡಬಹುದು? ಸಕ್ಕರೆ ಮತ್ತು ಕೈಗಾರಿಕಾ ಮದ್ಯಸಾರ, ಎರಡೂ 2014ರ ವೆಚ್ಚ ದಾಖಲೆ ಮತ್ತು ವೆಚ್ಚ ಪರಿಶೋಧನೆಯ ನಿಯಮಗಳ ಅಡಿ ಬರುತ್ತವೆ. ಜಂಟಿ ವೆಚ್ಚ ಹಂಚಿದ ಆಧಾರವನ್ನು ವೆಚ್ಚ ಪರಿಶೋಧಕರು ನೋಡುತ್ತಾರೆ. ಆದರೆ ಆ ವರದಿ ಕೇಂದ್ರ ಸರಕಾರಕ್ಕೆ ಹೋಗುತ್ತದೆ, ಕಬ್ಬು ಕೊಟ್ಟವನ ಕೈಗೆ ಬರುವುದಿಲ್ಲ. ಮೇಲಾಗಿ ಆ ನಿಯಮಗಳು ಕಂಪನಿಗಳಿಗೆ ಮಾತ್ರ. ಉತ್ತರ ಕರ್ನಾಟಕದ ಹಲವು ಕಾರ್ಖಾನೆಗಳು ಸಹಕಾರಿ ಸಂಘಗಳು. ಯಾರ ಷೇರು ಹಣದಿಂದ ಕಾರ್ಖಾನೆ ಎದ್ದಿತೋ ಆ ಸದಸ್ಯನಿಗೆ ತನ್ನ ಕಬ್ಬು ಎಷ್ಟು ಪದಾರ್ಥಗಳಾಗಿ ಒಡೆಯಿತು, ಯಾವುದಕ್ಕೆ ಯಾವ ಬೆಲೆ ಕಟ್ಟಿದರು ಎಂಬುದು ವಾರ್ಷಿಕ ವರದಿಯಲ್ಲಿ ಒಂದೇ ಕಡೆ ಸಿಗಬೇಕು.

ನಾನು ಕೇಳುವುದು ಒಂದು ಪುಟ. ಪ್ರತಿ ಹಂಗಾಮು ಮುಗಿದ ಮೇಲೆ, ಕಂಪನಿಯಿರಲಿ ಸಹಕಾರಿಯಿರಲಿ, ಪ್ರತಿ ಕಾರ್ಖಾನೆ ಕನ್ನಡದಲ್ಲಿ ಆ ಪುಟವನ್ನು ಅಚ್ಚು ಹಾಕಿಸಿ ಕಬ್ಬು ವಿಭಾಗದ ಗೋಡೆಗೆ ಅಂಟಿಸಲಿ. ಅರೆದ ಕಬ್ಬು, ಬಂದ ಸಕ್ಕರೆ, ಬಿ ಮತ್ತು ಸಿ ದರ್ಜೆಯ ಕಾಕಂಬಿ, ಉರಿಸಿದ ಸಿಪ್ಪೆ, ಉಳಿಸಿದ ಸಿಪ್ಪೆ, ಗ್ರಿಡ್‌ಗೆ ಕೊಟ್ಟ ಯೂನಿಟ್‌ಗಳು, ಎಥೆನಾಲಿಗೆ ಹೋದ ಸಕ್ಕರೆಯನ್ನು ಇಳುವರಿಗೆ ಮರಳಿ ಸೇರಿಸಿದ ಅಂಕಿ, ಡಿಸ್ಟಿಲರಿಗೆ ಕಾಕಂಬಿ ಕೊಟ್ಟ ಬೆಲೆ ಮತ್ತು ಅದೇ ತಿಂಗಳು ಹೊರಗಿನ ಟೆಂಡರಿನಲ್ಲಿ ಸಿಕ್ಕ ಬೆಲೆ ಅದರಲ್ಲಿರಲಿ. ಕೊನೆಗೆ 70ರ ಸೂತ್ರದಲ್ಲಿ ಟನ್ನಿಗೆ ಎಷ್ಟು, 75ರ ಸೂತ್ರದಲ್ಲಿ ಎಷ್ಟು, ಎಫ್‌ಆರ್‌ಪಿ ಎಷ್ಟು, ಮೂರೂ ಅಕ್ಕಪಕ್ಕದ ಸಾಲಿನಲ್ಲಿರಲಿ. ಕೆಳಗೆ ಒಬ್ಬ ವೆಚ್ಚಲೆಕ್ಕಿಗನ ಸಹಿ ಇರಲಿ. ಈ ಸಭಾಂಗಣದಲ್ಲಿ ಕೂತಿರುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಮುಂದೆ ಆ ಸಹಿ ಹಾಕುವವರು. ಆ ಪುಟದ ಒಂದೊಂದು ಅಂಕಿಯೂ ಎಲ್ಲಿಂದ ಬಂತೆಂದು ಕಬ್ಬು ಬೆಳೆದವನು ಕೇಳಿದಾಗ ಕೂತು ವಿವರಿಸುವ ತಯಾರಿ ಅವರಿಗೆ ನಮ್ಮ ತರಗತಿಯಲ್ಲೇ ಸಿಗಬೇಕು.